ಜೋಳದ ಹೊಲಕ್ಕೆ ಇಳಿದವನು

ಸಿಂದಗಿಯ ಅಫ್ತಾಬ ಮದುವೆ ವಿಡಿಯೊ ತೆಗೆದು ಹೊಟ್ಟೆ ಹೊರೆಯುವವ. ಅಷ್ಟಕ್ಕೇ ಸುಮ್ಮನಿರಬಾರದೇ? ಇಲ್ಲ, ಟಿವಿಗೆ ಆಕಾಶದ ಕಥೆ ಬರೆದು, ತಾನೇ ನಿರ್ಮಾಪಕನಾಗುವ ಹುಚ್ಚು. ಚಂದ್ರನ ಮೇಲೆ ಬಾವಿ ತೋಡುವವರ ಧಾರಾವಾಹಿ ನಾಲ್ಕನೆಯ ಕಂತಿಗೆ ನಿಂತಿತು. ಕಾಲದಲ್ಲಿ ಹಿಂದಕ್ಕೆ ಓಡುವ ಬಸ್ಸಿನದು ಆರಕ್ಕೆ. ಇಪ್ಪತ್ತು ವರ್ಷವಾಯಿತು, ಒಂದು ಕಥೆಯಾದರೂ ಕೊನೆ ಮುಟ್ಟಲಿ ಎಂಬ ಹಟ ಮಾತ್ರ ಬಿಡಲಿಲ್ಲ.

ಮೂರನೆಯದಕ್ಕೆ ವಿಜಯಪುರದ ಒಂದು ಚಾನೆಲ್ ಹದಿಮೂರು ಕಂತು ಒಪ್ಪಿತ್ತು. ಬೇರೆ ಗ್ರಹದವನೊಬ್ಬ ಇಂಗಳೇಶ್ವರದ ಜೋಳದ ಹೊಲಕ್ಕೆ ಇಳಿದು, ಕೊನೆಗೆ ತನ್ನೂರಿಗೆ ಮರಳುವ ಕಥೆ. ಎಂಟು ಕಂತು ಅವನು ಅಡಗಿಯೇ ಕಳೆದ. ಒಂಬತ್ತರಲ್ಲಿ ಹೊಲದೊಡತಿ ಅವನನ್ನು ಕಂಡು ಚೀರಿ ಓಡಬೇಕು. ಆ ಪಾತ್ರಕ್ಕೆ ಹೊಲದ ನಿಜವಾದ ಒಡತಿ ಸುಂದರವ್ವನನ್ನೇ ಹಿಡಿದಿದ್ದ.

ಆಕೆಯನ್ನು ಬದುವಿನ ಮೇಲೆ ಕೂರಿಸಿ ರೊಟ್ಟಿ ಗಂಟು ಬಿಚ್ಚಿಸಿದ. ಔಷಧ ಹೊಡೆಯುವ ಪಂಪಿಗೆ ಬೆಳ್ಳಿಬಣ್ಣ ಬಳಿದು ಬೆನ್ನಿಗೇರಿಸಿಕೊಂಡ ನಟ ಸಂಗು ಜೋಳದ ನಡುವಿಂದ ಎದ್ದು ಬಂದ. ಸುಂದರವ್ವ ತಲೆಯೆತ್ತಿ ನೋಡಿ, "ಬಾರಪಾ, ರೊಟ್ಟಿ ತಿನ್ನು ಬಾ" ಎಂದಳು.

ಮತ್ತೆ ತೆಗೆದರು. ಮತ್ತೂ ಅದೇ. ಐದನೆಯ ಸಲಕ್ಕೆ ಅಫ್ತಾಬ ತಲೆಯ ಮೇಲೆ ಕೈ ಹೊತ್ತು ಕೂತ.

"ಯವ್ವಾ, ಅಂವ ನಮ್ಮಾಂವ ಅಲ್ಲ. ಅಂಜಬೇಕು ನೀ."

"ಅಂಜತೇನಿ ತಗೋ. ಆದ್ರ ಗಂಟು ಬಿಚ್ಚೇನಿ, ಅಂವ ಎದುರಿಗೆ ಬಂದು ನಿಂತಾನ. ಕರೀಲಿಲ್ಲಂದ್ರ ನನಗ ರೊಟ್ಟಿ ಇಳೀತೈತೇನು?"

ಅಫ್ತಾಬನೂ ಇದೇ ಸೀಮೆಯವ. ಉಣ್ಣುವವರು ಎದುರಿಗೆ ಬಂದವರನ್ನು ಕರೆಯದೆ ಬಿಡುವುದಿಲ್ಲವೆಂದು ಗೊತ್ತಿದ್ದೂ ರೊಟ್ಟಿ ಇಡಿಸಿದ್ದ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ರೊಟ್ಟಿ ಗಂಟನ್ನು ಅಲ್ಲಿಂದ ಎತ್ತಿಸಿದ ಮೇಲೆ ಸುಂದರವ್ವ ಚೀರಿ ಓಡಿದ್ದಕ್ಕೆ ಹೊಲದ ಹಕ್ಕಿಗಳೆಲ್ಲ ಎದ್ದು ಹಾರಿದವು.

ಮನೆಯಲ್ಲಿ ಎರಡನ್ನೂ ಹಾಕಿ ನೋಡಿದ. ಚೀರಿದ್ದು ಕಥೆಗೆ ಸರಿ, ಆದರೆ ಸುಳ್ಳು ಸುಳ್ಳು ಎನಿಸಿತು. ರೊಟ್ಟಿಗೆ ಕರೆದದ್ದನ್ನು ನೋಡಿದಾಗಲೆಲ್ಲ ಎದೆ ತುಂಬಿ ಬರುತ್ತಿತ್ತು. ಚಾನೆಲ್ಲಿನ ಸಿದ್ಧರಾಮ ಸಾಹೇಬರು ಮೊದಲೇ ಹೇಳಿದ್ದರು: "ಅಂಜಿಕಿ ಇಲ್ಲಂದ್ರ ಧಾರಾವಾಹಿ ಬಂದ್ ನೋಡ್ರಿ." ಅತ್ತ ದರಿ, ಇತ್ತ ಪುಲಿ. ಮೂರು ದಿನ ಅವನಿಗೆ ಕೈಯಲ್ಲಿದ್ದ ಚಹಾ ಆರಿದ್ದೂ ತಿಳಿಯಲಿಲ್ಲ. ನಾಲ್ಕನೆಯ ದಿನ ರೊಟ್ಟಿಯದನ್ನೇ ಕಳಿಸಿಬಿಟ್ಟ. ಯಾಕೆಂದು ಹೆಂಡತಿ ಸಗೀರಾ ಕೇಳಿದರೆ, "ನನಗೂ ತಿಳಿವಲ್ದು" ಎಂದ.

ಒಂಬತ್ತನೆಯ ಕಂತು ಬಂತು. ಹತ್ತನೆಯದು ಬೇಡವೆಂದು ಚಾನೆಲ್ಲಿನಿಂದ ಫೋನೂ ಬಂತು.

ಇದನ್ನು ಸುಂದರವ್ವನಿಗೆ ಹೇಳಲು ಇಂಗಳೇಶ್ವರಕ್ಕೆ ಹೋದ. ಆಕೆ ಎಲ್ಲ ಕೇಳಿ, "ಹಂಗಾದ್ರ ಅಂವ ತನ್ನ ಊರು ಮುಟ್ಟಲೇ ಇಲ್ಲೇನು?" ಎಂದಳು.

ಅಫ್ತಾಬ ಚಪ್ಪಲಿ ಕಳಚಿ ಅಲ್ಲೇ ಕೂತ. ಮುಂದೇನಾಯಿತೆಂದು ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ.

"ಮುಟ್ಟತಾನ," ಎಂದ. "ಇನ್ನಾ ನಾಕು ಕಂತು ಅದಾವ. ಕುಂದ್ರಬೇ, ಹೇಳತೇನಿ."