ಸುಂಕಸಾಳಕ್ಕೆ ಹೋದ ಬಳಚಿನ ಡಬ್ಬಿ

ಇದು 2005ರ ಅಕ್ಟೋಬರ್ ರಜೆಯಲ್ಲಿ ನಡೆದದ್ದು. ನಾನಾಗ ಅಂಕೋಲೆಯ ಶಾಲೆಯೊಂದರಲ್ಲಿ ಶಿಕ್ಷಕಿ, ಊರವರ ಬಾಯಲ್ಲಿ 'ಅಕ್ಕೋರು'. ಹುಬ್ಬಳ್ಳಿ ದಾರಿಯ ಸುಂಕಸಾಳಕ್ಕೆ ಮದುವೆಯಾಗಿ ಹೋಗಿದ್ದ ತಂಗಿ ಶೈಲಾಗೆ ಐದು ತಿಂಗಳು. ಚೊಚ್ಚಲ ಬಸುರಿ, ಬಯಕೆ ಮಾತ್ರ ಒಂದೇ, ಬಳಚು, ಅಂದರೆ ನಮ್ಮ ಕಡೆಯ ಚಿಪ್ಪುಮೀನು. ಚಿಪ್ಪು ಬಿಡಿಸಿ, ಕಾಯಿತುರಿ ಹಾಕಿ ಸುಕ್ಕಾ ಮಾಡಿದರೆ ಅವಳಿಗೆ ಬೇರೆ ಏನೂ ಬೇಡ.

ಆ ದಿನ ಬೆಳಿಗ್ಗೆ ಬೇಲೆಕೇರಿಯ ತುಳಸಕ್ಕ ಮೀನಿನ ಬುಟ್ಟಿ ಹೊತ್ತು ಬಂದಳು. ಏಳೆಂಟು ವರ್ಷದಿಂದ ನಮ್ಮ ಮನೆಗೆ ಮೀನು ಅವಳದೇ. ಬುಟ್ಟಿಯ ಮೂಲೆಯಲ್ಲಿ ಸ್ವಲ್ಪ ಬಳಚು ಉಳಿದಿತ್ತು, ಎಲ್ಲವನ್ನೂ ತೆಗೆದುಕೊಂಡೆ. ಸುಕ್ಕಾ ಮಾಡಿ, ಉಪ್ಪು ನೋಡಲು ಒಂದು ಚೂರು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ತುಂಬಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಸುಂಕಸಾಳದ ಸ್ಟಾಪಿನಲ್ಲಿ, ಆ ಬಸ್ಸಿನ ಹೊತ್ತಿಗೆ ದಿನಾ ಅಲ್ಲೇ ಇರುತ್ತಿದ್ದ ಶೈಲಾಳ ಗಂಡ ಇಳಿಸಿಕೊಳ್ಳುತ್ತಿದ್ದ. ನಮ್ಮ ಕಡೆ ಡಬ್ಬಿಗಳು ಹೀಗೇ ಪ್ರಯಾಣ ಮಾಡುತ್ತವೆ.

ಹನ್ನೆರಡರ ಹೊತ್ತಿಗೆ ತುಳಸಕ್ಕ ಮತ್ತೆ ಗೇಟಿನಲ್ಲಿ ನಿಂತಿದ್ದಳು. ಮೈಯೆಲ್ಲ ಬೆವರು.

"ಅಕ್ಕೋರೇ, ಬಳಚು ತಿನ್ಬೇಡಿ! ನೀರು ಕೆಂಪಾಗದ್ಯಂತೆ, ದಂಡೆ ತುಂಬ ಸತ್ತ ಮೀನಂತೆ. ದೋಣಿಯೋರು ಈಗ ಬಂದು ಹೇಳ್ದ್ರು. ಕೊಟ್ಟ ಮನೆಯಿಂದೆಲ್ಲ ವಾಪಸ್ ತಕಂಡು ಹುಗ್ದು ಬಂದೆ, ನಿಮ್ದೊಂದೇ ಬಾಕಿ."

ನನ್ನ ಹೆದರಿಕೆ ಬಾಯಿಗೆ ಬಂದದ್ದು ಸಿಟ್ಟಾಗಿ.

"ಬಸುರಿಗೆ ಕಳ್ಸಿಬಿಟ್ಟೆನಲ್ಲೇ! ಮಾರೂಕೆ ಮೊದ್ಲು ನೋಡೂಕಾಗ್ಲಿಲ್ವಾ? ಮನೆಮನೆಗೆ ವಿಷ ಹಂಚ್ತಿ ಹಂಗಾರೆ!"

ಅಕ್ಕಪಕ್ಕದವರು ಕಂಪೌಂಡಿನ ಮೇಲೆ ಕತ್ತು ಚಾಚಿದರು. ತುಳಸಕ್ಕ ಬುಟ್ಟಿಯನ್ನು ಕಂಕುಳಿಗೆ ಸೇರಿಸಿಕೊಂಡಳು. "ಬಸ್ ಎಷ್ಟು ಹೊತ್ತಿಗೆ?" ಎಂದಷ್ಟೇ ಕೇಳಿದಳು.

ಶೈಲಾಳ ಮನೆಯ ಫೋನು ಮಳೆಗಾಲದಲ್ಲಿ ಕೆಟ್ಟದ್ದು ಇನ್ನೂ ರಿಪೇರಿಯಾಗಿರಲಿಲ್ಲ, ಅಲ್ಲಿ ಹತ್ತಿರದಲ್ಲಿ ಬೇರೆ ಫೋನೂ ಇರಲಿಲ್ಲ. ಇಬ್ಬರೂ ಸಿಕ್ಕ ಬಸ್ಸು ಹತ್ತಿದೆವು. ಅದು ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸು. ನಾನು ಸೀಟಿನಲ್ಲಿ ಕೂರುವುದು, ಏಳುವುದು, ಗಡಿಯಾರ ನೋಡುವುದು. ಈಗ ತಾಟು ಹಾಕಿರಬಹುದು, ಈಗ ಅನ್ನ ಬಡಿಸಿರಬಹುದು ಎಂಬ ಲೆಕ್ಕವೇ ತಲೆಯೊಳಗೆ.

"ಅದ್ನ ತಿಂದ್ರೆ ಎಂತಾಗ್ತದೆ?" ಎಂದು ಕೇಳಿದೆ.

"ಮೊದ್ಲು ತುಟಿ ಜುಮ್ಮ್ ಅಂತದೆ ಅಂತಿದ್ರು ನಮ್ಮಜ್ಜಿ."

ಕೇಳಬಾರದಿತ್ತು. ಉಪ್ಪು ನೋಡಿದ್ದು ನೆನಪಾಯಿತು. ಅಗಸೂರು ದಾಟುವಷ್ಟರಲ್ಲಿ ನನ್ನ ತುಟಿ ಜುಮ್ಮೆನ್ನತೊಡಗಿತು. ಒತ್ತಿ ನೋಡಿದೆ, ಕಚ್ಚಿ ನೋಡಿದೆ. ಕಥೆ ಮುಗಿಯಿತು ಅಂದುಕೊಂಡೆ.

ತುಳಸಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಕಚ್ಚಿ ಕಚ್ಚಿಯೇ ಹಂಗಾಗದೆ, ಬಿಡಿ ಅಕ್ಕೋರೇ" ಅಂದಳು. ಆದರೆ ಅವಳ ಕೈ ಖಾಲಿ ಬುಟ್ಟಿಯ ಅಂಚನ್ನು ಬಿಟ್ಟಿರಲಿಲ್ಲ.

ಸುಂಕಸಾಳದಲ್ಲಿ ಇಳಿದು ಓಡಿದೆವು. ಅಂಗಳಕ್ಕೆ ಕಾಲಿಟ್ಟರೆ ಊಟ ಮುಗಿದು ತಾಟು ತೊಳೆಯುತ್ತಿದ್ದರು.

"ಬಳಚು?" ಎಂದೆ.

ಶೈಲಾಳ ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತರು. "ಅಕ್ಕೋರಾದೋರು ಕ್ಯಾಲೆಂಡರ್ ನೋಡೂದಿಲ್ವಾ? ಸಂಕಷ್ಟಿ ದಿನ ಯಾರಾದ್ರೂ ಬಳಚು ಕಳಿಸ್ತ್ರಾ? ಉಪಾಸ ಇಲ್ದೋರಿಗೂ ಇವತ್ತು ಬರೇ ಸಾರು ಅನ್ನ. ಮನೆಯೊಳಗೇ ತರೂಕೆ ಬಿಡ್ಲಿಲ್ಲ ನಾನು!"

ಡಬ್ಬಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುಚ್ಚಳ ತೆರೆಯದೆ ಕುಳಿತಿತ್ತು. "ಚಂದ್ರ ಹುಟ್ಟೂ ತನಕ ಮುಟ್ಬೇಡ ಅಂದ್ರು" ಎಂದು ಶೈಲಾ ಮುಖ ಊದಿಸಿಕೊಂಡಿದ್ದಳು. ಬೈಸಿಕೊಂಡು ಅಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ. ಅಂಗಳದಲ್ಲೇ ಕುಳಿತು ಅತ್ತುಬಿಟ್ಟೆ. ತುಟಿಯ ಜುಮ್ಮು ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ.

ತುಳಸಕ್ಕ ಗುದ್ದಲಿ ಕೇಳಿ ಪಡೆದು, ಹಿತ್ತಲಲ್ಲಿ ಹೊಂಡ ತೋಡಿ ಬಳಚು ಸುರಿದಳು. ನಾಯಿ ಕೆದಕಬಾರದೆಂದು ಮೇಲೆ ಕಲ್ಲಿಟ್ಟಳು. ಡಬ್ಬಿಯನ್ನು ಮೂರು ಸಲ ತಿಕ್ಕಿ ತೊಳೆದಳು. ಅದಾದ ಮೇಲೆಯೇ ಒಂದು ಚೊಂಬು ನೀರು ಕೇಳಿದ್ದು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. 'ತಪ್ಪಾಯ್ತು' ಎನ್ನಬೇಕಿತ್ತು ನಾನು. ಮಕ್ಕಳಿಂದ ಆ ಮಾತು ಹೇಳಿಸಿ ಅಭ್ಯಾಸವೇ ಹೊರತು ನನಗೆ ಹೇಳಿ ಅಭ್ಯಾಸವಿರಲಿಲ್ಲ.

ರಜೆ ಮುಗಿದ ಮೇಲೆ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಬಿಡಿಸಿ ಹೇಳಿದರು. ಕಣ್ಣಿಗೆ ಕಾಣದ ಪಾಚಿ ಒಮ್ಮೆಲೇ ಹೆಚ್ಚಿದಾಗ ನೀರಿನ ಬಣ್ಣ ಬದಲಾಗುತ್ತದಂತೆ. ಎಲ್ಲ ಪಾಚಿಯೂ ವಿಷವಲ್ಲ. ಆದರೆ ಕೆಲವು ಪಾಚಿಯ ವಿಷ ಚಿಪ್ಪಿನ ಜೀವಿಗಳಲ್ಲಿ ಸೇರಿದರೆ ಬೇಯಿಸಿದರೂ ಹೋಗುವುದಿಲ್ಲವಂತೆ. ನಮ್ಮ ಡಬ್ಬಿಯಲ್ಲಿ ಇದ್ದದ್ದು ಯಾವುದೋ, ಇವತ್ತಿಗೂ ಗೊತ್ತಿಲ್ಲ.

ನೀರು ತಿಳಿಯಾಗಿ ಸುಮಾರು ದಿನವಾದ ಮೇಲೆ ತುಳಸಕ್ಕ ಮತ್ತೆ ಬಳಚು ತಂದಳು. ನಾನು ಕೈ ಚಾಚಲು ಅನುಮಾನಿಸಿದೆ.

"ತಕಳಿ ಅಕ್ಕೋರೇ. ಇದೇ ಜಾಗದ ಬಳಚು ನಿನ್ನೆ ನಮ್ಮನೇಲಿ ತಿಂದಾರೆ. ಮೊಮ್ಮಗಳೂ ತಿಂದದೆ."

ಅಂದಿನಿಂದ ಬಳಚು ತಂದಾಗಲೆಲ್ಲ ಅದೇ ಮಾತು. ಹೇಳಬೇಡ ಅಂದರೂ ಬಿಡಲಿಲ್ಲ. ಅದನ್ನು ಕೇಳಿದಾಗಲೆಲ್ಲ ನಾನು ಗೇಟಿನಲ್ಲಿ ಕೂಗಿದ್ದು ನನ್ನ ಕಿವಿಗೇ ಬಡಿಯುತ್ತಿತ್ತು.

ಶೈಲಾಳ ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ತುಳಸಕ್ಕನಿಗೆ ಮಂಡಿನೋವು, ಬುಟ್ಟಿ ಹೊತ್ತು ಸೊಸೆ ಬರುತ್ತಾಳೆ. "ನಿನ್ನೆ ನಮ್ಮನೇಲಿ ತಿಂದಾರೆ" ಎಂದು ಅವಳೂ ಹೇಳುತ್ತಾಳೆ. ಈ ಮನೆಯಲ್ಲಿ ಹಾಗೆ ಹೇಳಬೇಕು ಅಂತ ಅತ್ತೆ ಹೇಳಿದ್ದಾಳಂತೆ, ಯಾಕೆಂದು ಅವಳಿಗೆ ಗೊತ್ತಿಲ್ಲ. ಬೇಲೆಕೇರಿ ಇಲ್ಲೇ, ಹತ್ತಿರ. 'ತಪ್ಪಾಯ್ತು' ಎಂಬ ಆ ಒಂದು ಮಾತು ಹೇಳಿ ಬರಲು ನನಗೆ ಇನ್ನೂ ಕಾಲು ಬಂದಿಲ್ಲ. ಅವಳು ನನಗಾಗಿ ಸುಂಕಸಾಳದವರೆಗೆ ಬಂದಿದ್ದಳು.