ಸೋಮವಾರದ ಹೆಬ್ಬೆರಳು

ಕಳೆದ ತಿಂಗಳು ನನ್ನ ಕ್ಲಿನಿಕ್ಕಿಗೆ ಒಂದು ಹೆಬ್ಬೆರಳು ಬಂತು. ಅದರ ಹಿಂದೆ ರವೀಶ ಬಂದ. ಅವನ ಹಿಂದೆ ಅವನ ತಾಯಿ ಕೆಂಪಮ್ಮ.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಬಲಗಾಲಿನ ಆ ಬೆರಳು ಬುಡದಲ್ಲಿ ಊದಿಕೊಂಡು, ಹಣ್ಣಾದ ಟೊಮ್ಯಾಟೊ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ನಾನು ಕೈ ಚಾಚುವ ಮೊದಲೇ ರವೀಶ ಕಿರುಚಿದ. "ಮುಟ್ಬೇಡಿ ಸಾರ್! ಫ್ಯಾನ್ ಗಾಳಿ ತಾಕುದ್ರೂ ಜೀವ ಹೋಯ್ತದೆ." ಫ್ಯಾನ್ ಆರಿಸಿದೆ. (ರಾಮನಗರದ ಬೇಸಿಗೆಯಲ್ಲಿ ಇದು ಸಣ್ಣ ತ್ಯಾಗವಲ್ಲ.)

ರವೀಶನಿಗೆ ಮೂವತ್ತೈದು ದಾಟಿದೆ. ಹೆದ್ದಾರಿ ಪಕ್ಕ ಹೊಸದಾಗಿ ಎದ್ದಿರುವ ಕಾರ್ಖಾನೆಯೊಂದರಲ್ಲಿ ಕೆಲಸ, ಇನ್ನೂ ಪ್ರೊಬೇಷನ್. ಸ್ಟೀಲ್ ಮೂತಿಯ ಸೇಫ್ಟಿ ಶೂ ಹಾಕದವರನ್ನು ಅಲ್ಲಿ ಗೇಟಿನೊಳಗೇ ಬಿಡುವುದಿಲ್ಲ. ಈ ಬೆರಳನ್ನು ಆ ಶೂ ಒಳಗೆ ತೂರಿಸುವುದು ಹೇಗೆ? ಹಿಂದೆಯೂ ಎರಡು ಸಲ ಹೀಗೇ ಆಗಿ ರಜೆ ಹಾಕಿದ್ದ. ಇದು ಮೂರನೆಯದು. ಪ್ರತಿ ಸಲವೂ ನೋವು ಶುರುವಾಗಿದ್ದು ಸೋಮವಾರ.

"ನಿನ್ ಕಾಲಿಗೂ ಕ್ಯಾಲೆಂಡರ್ ಓದೋಕೆ ಬರುತ್ತೇನಪ್ಪಾ?" ಎಂದು ಸೂಪರ್‌ವೈಸರ್ ಕೇಳಿದನಂತೆ. ಕಂಪನಿಯ ಡಾಕ್ಟರು ನೋವಿದ್ದಾಗಲೇ ಯೂರಿಕ್ ಆಸಿಡ್ ಟೆಸ್ಟ್ ಮಾಡಿಸಿದ್ದರು. ರಿಪೋರ್ಟ್ ನಾರ್ಮಲ್. ಟೆಸ್ಟಿನಲ್ಲಿ ಏನೂ ಇಲ್ಲ, ನೋವು ಬರುವುದು ಮಾತ್ರ ವಾರದ ರಜೆ ಮುಗಿದ ಬೆಳಿಗ್ಗೆ. ಆ ಸೂಪರ್‌ವೈಸರ್ ಜಾಗದಲ್ಲಿ ನೀವಿದ್ದರೆ ಏನನ್ನುತ್ತಿದ್ದಿರಿ? ಇನ್ನೊಂದು ಸೋಮವಾರ ತಪ್ಪಿಸಿದರೆ ಮನೆಗೆ ಕಳಿಸುತ್ತೇವೆ ಎಂದು ಕಂಪನಿಯವರು ಈ ಸಲ ಹೇಳಿದ್ದರು.

"ಹೊಲ ಫ್ಯಾಕ್ಟ್ರಿಗೆ ಹೋಯ್ತು ಸಾರ್. ಅದ್ರ ಬದ್ಲು ಸಿಕ್ಕಿರೋ ಕೆಲ್ಸ ಇದು. ಇದೂ ಹೋದ್ರೆ ಎರಡೂ ಹೋದಂಗೆ," ಎಂದ ರವೀಶ.

ಗೌಟ್ ಇರಬಹುದೆಂದು ಬೆರಳು ನೋಡಿದಾಗಲೇ ಅನಿಸಿತ್ತು. ಯೂರಿಕ್ ಆಸಿಡ್ ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂತು ಉರಿ ಎಬ್ಬಿಸುವ ಕಾಯಿಲೆ. ಪುಸ್ತಕದ ಪ್ರಕಾರ ಸೂಜಿ ಚುಚ್ಚಿ ಕೀಲಿನೊಳಗಿನ ನೀರು ತೆಗೆದು, ವಿಶೇಷ ಮೈಕ್ರೋಸ್ಕೋಪಿನಲ್ಲಿ ಹರಳನ್ನು ಕಣ್ಣಾರೆ ನೋಡಬೇಕು. ಆ ಮೈಕ್ರೋಸ್ಕೋಪ್ ನಮ್ಮೂರಲ್ಲಿಲ್ಲ. ಸೂಜಿ ಎಂದ ಕೂಡಲೇ ರವೀಶ ಬಾಗಿಲ ಕಡೆ ನೋಡಿದ. ಜ್ವರ ಇಲ್ಲ, ಗಾಯ ಇಲ್ಲ, ಕೀವು ತುಂಬಿದ ಲಕ್ಷಣವೂ ಇಲ್ಲ. ಇನ್ನು ಉಳಿದದ್ದು ಬಾಯಿಬಿಟ್ಟು ಕೇಳುವುದು.

"ಭಾನುವಾರ ಏನು ಮಾಡಿದ್ರಿ?"

ರವೀಶ ತಾಯಿಯ ಮುಖ ನೋಡಿದ. ಉತ್ತರ ಕೆಂಪಮ್ಮನವರಿಂದ ಬಂತು. "ಕಬ್ಬಾಳಮ್ಮಂಗೆ ಪರ ಮಾಡುದ್ವಿ ಡಾಕ್ಟ್ರೇ. ಇವನ ಕಾಲಿನ ಹರಕೆ."

(ಪರ ಎಂದರೆ ಹರಕೆಯ ಬಾಡೂಟ. ಅವರ ಮನೆಯಲ್ಲಿ ಮುಂಚೆ ಮಂಗಳವಾರ ಮಾಡುತ್ತಿದ್ದರಂತೆ. ಫ್ಯಾಕ್ಟರಿಗೆ ರಜೆ ಭಾನುವಾರ ಮಾತ್ರ. ದೇವತೆ ಕಬ್ಬಾಳಮ್ಮನೂ ಹೊಂದಿಕೊಂಡಿದ್ದಾಳೆ.)

ಕೇಳುತ್ತಾ ಹೋದೆ. ಮೊದಲ ಸಲ ಕಾಲು ಊದಿದ್ದು ನೆಂಟರ ಮನೆಯ ಬಾಡೂಟದ ಮಾರನೇ ದಿನ. ವಾಸಿಯಾದರೆ ಒಂದು ಮರಿ ಕೊಡುತ್ತೇನೆಂದು ತಾಯಿ ಹರಕೆ ಹೊತ್ತರು. ವಾರದಲ್ಲಿ ಊತ ಇಳಿಯಿತು. (ಗೌಟ್ ನೋವು ಔಷಧಿ ಕೊಡದಿದ್ದರೂ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ನಮ್ಮಂಥ ಎಷ್ಟೋ ಡಾಕ್ಟರುಗಳು ಹೆಸರು ಮಾಡಿರುವುದೂ ಹೀಗೆಯೇ.) ಸರಿ, ಕಬ್ಬಾಳಿಗೆ ಹೋಗಿ ಪೂಜೆ ಮಾಡಿಸಿ, ಆಚೆ ದೂರದ ಮರದಡಿ ಮರಿ ಕುಯ್ದು ಊಟ ಹಾಕಿದರು. ಹರಕೆ ಯಾರ ಹೆಸರಿನಲ್ಲೋ ಅವನ ಎಲೆಗೇ ಮೊದಲು ಲಿವರ್, ಕರುಳಿನ ಬೋಟಿ ಗೊಜ್ಜು. ಅದೂ ಬೇಡ ಬೇಡ ಎಂದರೂ ಮೇಲೆ ಮೇಲೆ. ಜೊತೆಗೆ ಗೆಳೆಯರು ತಂದಿದ್ದ ಬಿಯರ್. ಯೂರಿಕ್ ಆಸಿಡ್ ಏರಿ ಗೌಟ್ ಕೆರಳಲು ಇನ್ನೇನು ಬೇಕು? ಸೋಮವಾರ ಬೆಳಿಗ್ಗೆ ಬೆರಳು ಮತ್ತೆ ಹಾಜರ್.

"ಮರಿ ಬಡಕಲಾಯ್ತು ಅಂತ ಅಮ್ಮ ಮುನಿಸ್ಕಂಡ್ಳು ಡಾಕ್ಟ್ರೇ," ಎಂದರು ಕೆಂಪಮ್ಮ. "ಅದ್ಕೇ ಈ ಸಲ ಹೋತ ಕೊಟ್ಟೊ. ಅದೂ ಸಾಲ್ದು ಅಂತ ಕಾಣ್ತದೆ. ಟಗರು ಕೊಡ್ತೀನಿ ಅಂತ ನೆನ್ನೆನೇ ಕೈ ಮುಗುದ್ಬುಟ್ಟಿವ್ನಿ."

ನನಗೆ ನಗು ಬರಲಿಲ್ಲ, ಸಂಕಟವಾಯಿತು. ಮಗನ ನೋವು ನೋಡಲಾರದ ತಾಯಿ, ಅಷ್ಟೊಂದು ಪ್ರೀತಿಯಿಂದ, ಆ ನೋವನ್ನೇ ಮತ್ತೆ ಮತ್ತೆ ಅವನ ಎಲೆಗೆ ಬಡಿಸುತ್ತಿದ್ದರು. ಕಾರ್ಖಾನೆಯವರು ಸೋಮವಾರ ನೋಡಿ ಕಳ್ಳಾಟ ಎಂದರು. ತಾಯಿ ಅಮ್ಮನ ಮುನಿಸು ಎಂದರು. ನನಗೆ ಅದೇ ಸೋಮವಾರ ಗೌಟ್ ಎಂದಿತು. ರೋಗಿಯ ಮೇಲೆ ಅನುಮಾನ ತಂದ ಸಂಗತಿಯೇ ಕಾಯಿಲೆಯ ಗುರುತೂ ಆಗಿತ್ತು. ಭಾನುವಾರ ಏನಾಯಿತೆಂದು ಯಾರೂ ಕೇಳಿರಲಿಲ್ಲ, ಅಷ್ಟೆ.

ಮಾತ್ರೆ ಬರೆದುಕೊಟ್ಟೆ. ಕಂಪನಿಯ ಡಾಕ್ಟರಿಗೆ ಫೋನ್ ಮಾಡಿ, ನೋವು ಜೋರಾಗಿದ್ದಾಗ ಯೂರಿಕ್ ಆಸಿಡ್ ನಾರ್ಮಲ್ ಬರುವುದುಂಟು, ಎರಡು ವಾರ ಬಿಟ್ಟು ಮತ್ತೆ ನೋಡೋಣ ಎಂದೆ. ಒಳ್ಳೆಯ ಮನುಷ್ಯ, ಒಪ್ಪಿಕೊಂಡರು. ಎರಡು ವಾರ ಬಿಟ್ಟು ನೋಡಿದರೆ ಚೆನ್ನಾಗಿಯೇ ಏರಿತ್ತು. ಕಳ್ಳಾಟದ ಮಾತು ನಿಂತಿತು. ಸೋಮವಾರದ ಎಚ್ಚರಿಕೆ ಮಾತ್ರ ಹಾಗೇ ಉಳಿಯಿತು.

ಟಗರೂ ಉಳಿದಿತ್ತಲ್ಲ!

"ಅಮ್ಮಂಗೆ ಕೊಟ್ಟ ಮಾತು ತಪ್ಪೋಕಾಯ್ತದಾ ಡಾಕ್ಟ್ರೇ?" ಎಂದು ಕೆಂಪಮ್ಮ ಪಟ್ಟು ಹಿಡಿದರು. ನಾನೂ ಬಿಡಲಿಲ್ಲ. ಕೊನೆಗೊಂದು ರಾಜಿಯಾಯಿತು. ಟಗರು ಅಮ್ಮನಿಗೆ, ಬಾಡು ನೆಂಟರಿಗೆ, ರವೀಶನ ಎಲೆಗೆ ಮೊಸರನ್ನ. ಬಿಯರ್ ಬಂದ್.

"ಹರಕೆಯೋನೇ ಉಣ್ಣದಿದ್ರೆ ನೆಂಟ್ರು ಏನಂದಾರು?"

"ಡಾಕ್ಟರು ಪಥ್ಯ ಹೇಳಿದ್ದಾರೆ ಅನ್ನಿ. ಬೈಯೋದಿದ್ರೆ ನನ್ನ ಬೈಕೊಳ್ಳಲಿ."

ಟಗರಿನ ಪರದ ಭಾನುವಾರ ಪಕ್ಕದ ಎಲೆಗಳಿಂದ ಬೋಟಿ ಗೊಜ್ಜಿನ ಘಮ ಬರುತ್ತಿರುವಾಗ ರವೀಶ ತಲೆ ತಗ್ಗಿಸಿಕೊಂಡು ಮೊಸರನ್ನ ಕಲೆಸಿದನಂತೆ. ಮಾರನೇ ದಿನ ಕಾಲು ಶೂ ಒಳಗೆ ಸಲೀಸಾಗಿ ಹೋಯಿತು. ಹೋದ ವಾರ ಕೆಲಸ ಖಾಯಂ ಆಯಿತು.

ಸುದ್ದಿ ಹೇಳಲು ಕೆಂಪಮ್ಮ ತಾವೇ ಬಂದಿದ್ದರು. ಮುಖದಲ್ಲಿ ಬೆಳಕಿತ್ತು. ನನಗೂ ಖುಷಿಯಾಯಿತು.

"ನಿಮ್ ಮಾತ್ರೆನೂ ಒಸಿ ಕೆಲ್ಸ ಮಾಡ್ತು ಡಾಕ್ಟ್ರೇ," ಎಂದರು. "ಆದ್ರೂ ಟಗರು ಕೊಟ್ಮೇಲೇ ಅಮ್ಮ ಒಲಿದಿದ್ದು."

ಆಗಲಿ ಎಂದು ನಕ್ಕೆ. ಅವರು ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

"ಪಾಪ, ಅವತ್ತು ಬರೀ ಮೊಸರನ್ನ ತಿಂದವ್ನೆ. ಅಮ್ಮನೇ ಒಲಿದ್ಮೇಲೆ ಇನ್ನೇನು ಭಯ? ಈ ಭಾನುವಾರ ಮಗೀಗೆ ಒಸಿ ಬೋಟಿ ಇಕ್ಬೋದಲ್ವಾ?"