ಹ್ಯಾಂಡಲ್ ಇಲ್ಲದ ಸೈಕಲ್ಲು

ಆ ಸೈಕಲ್ಲಿಗೆ ನನಗೆ ಬಿದ್ದ ಖರ್ಚು ಎರಡು ಗುಜರಿ ಸೈಕಲ್ಲು, ಒಂದು ಹಳೆಯ ಆರಾಮಕುರ್ಚಿ, ಒಂದು ಡಬ್ಬಿ ಹಸಿರು ಬಣ್ಣ. ಗೆಳೆಯ ಮಲ್ಲಪ್ಪನಿಗೆ ಬಿದ್ದದ್ದು — ತನ್ನ ಮನಸ್ಸಿನ ಮೇಲೆ ತನಗಿದ್ದ ನಂಬಿಕೆ. ಅದರ ಕೀಲಿನ ಕೊಳವೆ ಬಿರುಕು ಬಿಟ್ಟದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಣ್ಣ ಹಚ್ಚಿದೆ.

ಎಪ್ಪತ್ತರ ದಶಕದ ಕೊನೆ. ಇಲಕಲ್ಲಿನಲ್ಲಿ ಹಳೆಯ ಸೈಕಲ್ಲು ಕೊಂಡು ಮಾರುವ ಅಂಗಡಿ ನನ್ನದು, ಬರಿಗೈಯಿಂದ ಕಟ್ಟಿದ್ದು. ರದ್ದಿಯಲ್ಲಿ ಬಂದ ವಿದೇಶಿ ಪತ್ರಿಕೆಯೊಂದರಲ್ಲಿ, ಒರಗಿ ಕೂತು ತುಳಿಯುವ ಸೈಕಲ್ಲಿನ ಚಿತ್ರ ಕಂಡೆ. ಹುನಗುಂದದ ದಾರಿಯ ಎದುರುಗಾಳಿಗೆ ಇದೇ ಮದ್ದು, ಮಾಡಿದರೆ ಗಿರಾಕಿಗಳು ಮುಗಿಬೀಳುತ್ತಾರೆ ಎನಿಸಿತು. ಹಿಂದಿನ ಅರ್ಧ ಒಂದು ಸೈಕಲ್ಲಿನದು, ಮುಂದಿನದು ಇನ್ನೊಂದರದು. ಸೀಟಿಗೆ ಆ ಆರಾಮಕುರ್ಚಿ. ನಡುವೆ, ಸೀಟಿನ ಕೆಳಗೆ, ಒಂದು ಕೀಲು. ಕಾಲು ಮುಂದೆ ಚಾಚಿ ತುಳಿಯಬೇಕು. ಸೊಂಟ ಹೊರಳಿಸಿದರೆ ಸೈಕಲ್ಲೇ ನಡುವಿನಲ್ಲಿ ಬಾಗಿ ತಿರುಗುತ್ತದೆ. ಕೈಗೆ ಕೆಲಸವೇ ಇಲ್ಲ.

ಜೋಡಿಸುವ ಮುನ್ನ ಕೀಲಿನ ಕೊಳವೆಗೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿದ್ದೆ — ಕೊಳ್ಳುವಾಗ ಬಿರುಕು ತೋರಿಸಿ ದರ ಇಳಿಸಲು ನಾನು ಮಾಡುತ್ತಿದ್ದ ಪರೀಕ್ಷೆ; ಬಿರುಕಿನೊಳಗೆ ಇಳಿದ ಎಣ್ಣೆ ಪುಡಿಗೆ ಹತ್ತುತ್ತದೆ. ಬಿಳಿ ಪುಡಿಯ ಮೇಲೆ ಕಪ್ಪು ಗೆರೆಯೊಂದು ತಾನಾಗಿ ಮೂಡಿ, ಮೆಲ್ಲಗೆ ಉದ್ದವಾಯಿತು. ಬೇರೆ ಕೊಳವೆ ತರಲು ಬೇಸರ — ಅಷ್ಟೇ.

ಹದಿನೈದು ದಿನ ನಾನು ಬರೀ ಬಿದ್ದೆ. ಮಲ್ಲಪ್ಪ ನೇಕಾರ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗ ತುಳಿದು ಪಳಗಿದ ಕಾಲು. ಎರಡೇ ದಿನಕ್ಕೆ ಕಲಿತ.

"ಲೇ ರುದ್ರಾ, ಇದು ಕೇಳತೈತಲೇ! ಬೇವಿನ ಗಿಡ ನೋಡಿದ್ರ ಗಿಡದ ಕಡೀನ ಹೊಂಟೈತಿ. ನಾ ಹೇಳೂಕಿಂತ ಮೊದ್ಲ ಕೇಳತೈತಿ."

"ಹಂಗಾರ ನಿನ್ನ ಹೇಣ್ತಿಗಿಂತ ಛಲೋ ಬಿಡು," ಎಂದೆ. ಅವನು ನಗಲಿಲ್ಲ. ತೋಳಿನ ರೋಮ ನಿಮಿರಿದ್ದವು.

ಅದೊಂದು ಮಧ್ಯಾಹ್ನ, ಎಲೆ ಅಲುಗದ ಬಿಸಿಲು. ಕಲ್ಲಿನ ಖಣಿಯ ಅಂಚಿನ ದಾರಿಯಲ್ಲಿ ನಾನು ಅವನ ಹಿಂದೆಯೇ ಇದ್ದೆ. ಯಾರೋ ಕರೆದಂತೆ ಸೈಕಲ್ಲು ಖಣಿಯ ಕಡೆ ಬಾಗಿತು — ಹೋಯಿತು.

ಇಳಿದು ಹೋದೆ. ಮೊದಲು ನನ್ನ ಕಣ್ಣು ಹುಡುಕಿದ್ದು ಅವನನ್ನಲ್ಲ, ಕೀಲನ್ನು. ಮುರಿದ ಕೊಳವೆಯ ಬಾಯಲ್ಲಿ ಮುಕ್ಕಾಲು ಹಳೆಯ ಬಿರುಕಿನ ತುಕ್ಕು, ಈಗ ಮುರಿದ ಕಾಲು ಭಾಗವಷ್ಟೇ ಹೊಸ ಹೊಳಪು. ಆ ತುಂಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡೆ. ಆಮೇಲೆ ಅವನನ್ನು ಎತ್ತಿದೆ.

ದವಾಖಾನೆಯಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವನು ಕೇಳಿದ: "ರುದ್ರಾ, ಖಣಿ ನೋಡಿದ್ನಿ. ಬಿದ್ರ ಹೆಂಗಿರತೈತಿ ಅಂತ ಒಂದೀಟ ಅನಿಸ್ತು. ತಿರುಗಿಬಿಡ್ತು. ನಾನ ಹೇಳಿದ್ನೇನೋ ಅದಕ್ಕ?"

ಅಂಥದೇ ಸೈಕಲ್ಲು ಬೇಕೆಂದು ಬಂದ ಇಬ್ಬರು ಹೊರಗೆ ನನಗಾಗಿ ಕಾಯುತ್ತಿದ್ದರು.

"ಇದ್ದೀತು, ಮಲ್ಲಪ್ಪ," ಎಂದೆ.

ಆ ಇಬ್ಬರಿಗೂ ಮಾಡಿಕೊಟ್ಟೆ — ಹೊಸ ಕೊಳವೆ ಹಾಕಿ.

ಮರುವರ್ಷ ಅವನಿಗೆ ಮಗಳು ಹುಟ್ಟಿದಳು, ಗಂಗವ್ವ. ಹೆಂಡತಿ ಕೂಸನ್ನು ಚಾಚಿದರೆ ಹಿಂದೆ ಸರಿಯುತ್ತಿದ್ದ. "ಬ್ಯಾಡ. ನನ್ನ ಮನಸಿನ್ಯಾಗ ಏನೈತಿ ನನಗ ಗೊತ್ತಿಲ್ಲ." ಆ ಹುಡುಗಿ ತೋಳು ಅಗಲಿಸಿ ಓಡಿ ಬರುತ್ತಿದ್ದಳು, ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ಯುತ್ತಿದ್ದ. ಬಾವಿ, ಮಾಳಿಗೆಯ ಅಂಚು ಎಲ್ಲೂ ಇಲ್ಲದ ಬಯಲಿನಲ್ಲೂ — ಹಾಗೇ. ನಾನು ನೋಡುತ್ತ ನಿಲ್ಲುತ್ತಿದ್ದೆ. ಒಂದು ಮಾತು ಸಾಕಿತ್ತು.

ಹೋದ ತಿಂಗಳು ಮಲ್ಲಪ್ಪ ತೀರಿಕೊಂಡ. ಗಂಗವ್ವನಿಗಾದರೂ ಹೇಳಿಬಿಡೋಣವೆಂದು ಟವೆಲ್ಲಿನ ಗಂಟು ಹಿಡಿದು ಹೋದವನು ಅಂಗಳದಲ್ಲೇ ನಿಂತೆ. ನಮ್ಮ ಪದ್ಧತಿಯಂತೆ ಅವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ಕೈಗಳು ತೊಡೆಯ ಮೇಲೆ — ಆ ಸೈಕಲ್ಲಿನ ಮೇಲೆ ಕೂತಿದ್ದಂತೆಯೇ. ಗಂಗವ್ವ ಆ ಕೈಗಳನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ನಾನು ಗಂಟು ಬಿಚ್ಚಲಿಲ್ಲ. ಇಂದು ಅದೇ ಗಂಟು ಹಿಡಿದು ಅವಳ ಮನೆಗೆ ಹೊರಟಿದ್ದೇನೆ.

ನೀವು ಇಂಥ ಸೈಕಲ್ಲು ಕಟ್ಟುವುದಾದರೆ ಕೇಳಿ. ಕೊಳವೆಗೆ ಸೀಮೆಎಣ್ಣೆ ಸವರಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಡಿ. ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಸುಣ್ಣದ ಪುಡಿಯನ್ನು ಮಾತ್ರ ನೀವು ಹಾಕಬೇಡಿ. ಸೈಕಲ್ಲು ಏರಿ ಹೋಗುವವನ ಕೈಯಿಂದಲೇ ಅದನ್ನು ಹಾಕಿಸಿ. ಗೆರೆ ಮೂಡುವುದನ್ನು ಅವನೇ ನೋಡಲಿ.